ಹೊಳೆ ದಾಟಿಸಿದ ಬೆಕ್ಕು

ಶಿಗ್ಗಾಂವದ ಕಾಳಿನ ಗೋದಾಮೊಂದರಲ್ಲಿ ರಾತ್ರಿ ಕಾವಲು ಕಾಯುವ ಶಿವಯೋಗಿಗೆ ನಿದ್ದೆ ಎಂಬುದು ಹಗಲಿನ ಮಾತು. ಊರೆಲ್ಲ ಎದ್ದು ಚಹಾ ಕುಡಿಯುವ ಹೊತ್ತಿಗೆ ಅವನು ಕೌದಿ ಹೊದೆಯುತ್ತಿದ್ದ. ಆದರೆ ಹದಿನೈದು ದಿನದಿಂದ ಅವನ ಮನೆಯ ತಗಡಿನ ಮೇಲೆ ಹಳದಿ ಗಂಡುಬೆಕ್ಕೊಂದು ಬೀಡುಬಿಟ್ಟಿತ್ತು. ಕನಸು ಮೆಲ್ಲಗೆ ಬಂದು ಪಕ್ಕದಲ್ಲಿ ಕೂರುವಷ್ಟರಲ್ಲಿ ಅದು ದಡಬಡ ಓಡಿ, ಹಸುಗೂಸಿನಂತೆ ಅಳಲು ಶುರುಮಾಡುತ್ತಿತ್ತು. ಹಗಲು ಕೈಕೊಟ್ಟ ನಿದ್ದೆ ರಾತ್ರಿ ಗೋದಾಮಿನಲ್ಲಿ ತಾನಾಗಿ ಬರುತ್ತಿತ್ತು. ಇನ್ನೊಮ್ಮೆ ತೂಕಡಿಸಿದರೆ ಕೆಲಸ ಬಿಡಬೇಕೆಂದು ಸಾಹುಕಾರರು ನಿನ್ನೆಯಷ್ಟೇ ಹೇಳಿದ್ದರು.

ಎದುರುಮನೆಯ ದರ್ಜಿ ಕರೀಮಸಾಬ ಉಪಾಯ ಹೇಳಿಕೊಟ್ಟ.

“ಚೀಲದಾಗ ಹಾಕ್ಕೊಂಡು ಹೊಳಿ ದಾಟಿಸಿ ಬಿಟ್ಟು ಬರ್ರಿ. ನೀರು ದಾಟಿದ ಬೆಕ್ಕು ತಿರುಗಿ ಬರಂಗಿಲ್ಲ. ಬಿಡೂ ಮುಂದ ಚೀಲಾ ಮೂರು ಸುತ್ತು ತಿರುಗಿಸ್ರಿ, ದಿಕ್ಕು ತಪ್ಪತೈತಿ.”

ಒಂದು ಬಟ್ಟಲು ಕೆನೆಯ ಆಸೆಗೆ ಬೆಕ್ಕು ಚೀಲದೊಳಗೆ ಹೋಯಿತು. ಶಿವಯೋಗಿ ಚೀಲದ ಬಾಯಿ ಕಟ್ಟಿ ಹೊಸ್ತಿಲು ದಾಟುವಾಗ ಪಕ್ಕದ ಮನೆಯ ಅಡಿವೆವ್ವ ಎದುರಾದಳು. ಓಣಿಯ ಬೆಕ್ಕುಗಳಿಗೆಲ್ಲ ಹಾಲು ಹಾಕುವವಳು ಅವಳೇ.

“ಚೀಲದಾಗ ಏನೋ ತಮ್ಮಾ?”

“ಜ್ವಾಳ ಬೇ ಯಕ್ಕಾ. ಗಿರಣಿಗೆ ಹೊಂಟೇನಿ.”

ಚೀಲ ಮಿಯಾಂವ್ ಎಂದಿತು.

“ಜ್ವಾಳ ಯಾಕೋ ಒದರಾಕತ್ತಾವು?”

“ಹುಳ ಹತ್ಯಾವ ಯಕ್ಕಾ!” ಎನ್ನುತ್ತ ಶಿವಯೋಗಿ ಬಸ್‌ಸ್ಟ್ಯಾಂಡಿಗೆ ಓಡಿದ.

ಬಸ್ಸು ವರದಾ ಹೊಳೆ ದಾಟಿತು. ಅಷ್ಟಕ್ಕೇ ಅವನಿಗೆ ಧೈರ್ಯ ಸಾಲಲಿಲ್ಲ. ಬಸ್ಸು ಬದಲಿಸುತ್ತ ಮಾಸೂರಿನವರೆಗೂ ಹೋದ. ದಾರಿಯುದ್ದಕ್ಕೂ ಚೀಲ ಹಾಡುತ್ತಲೇ ಇತ್ತು, ಅವನು ಜನರ ಕಣ್ಣು ತಪ್ಪಿಸಿ ಕೆಮ್ಮುತ್ತಲೇ ಇದ್ದ.

ಅಲ್ಲಿನ ಮದಗದ ಕೆರೆಯ ದಂಡೆಯಲ್ಲಿ ನಿಂತು ಚೀಲವನ್ನು ಮೂರು ಸುತ್ತು ತಿರುಗಿಸಿದ. ಬೆಕ್ಕು ಹೊರಬಂದು ಮೈ ನೆಕ್ಕಿಕೊಂಡು, ನೆಟ್ಟಗೆ ಗದ್ದೆಯ ಬದುವಿಗೆ ನಡೆಯಿತು. ದಿಕ್ಕು ತಪ್ಪಿದ್ದು ಶಿವಯೋಗಿಗೆ. ತಲೆ ತಿರುಗಿ ಹುಲ್ಲಿನ ಮೇಲೆ ಕುಳಿತ. ನೀರಿನ ಮೇಲಿಂದ ತಣ್ಣನೆ ಗಾಳಿ ಬೀಸಿತು. ಆಕಾಶ, ಕೆರೆ, ಗದ್ದೆ ಎಲ್ಲ ಒಂದೇ ಕೌದಿಯಾಗಿ ಅವನನ್ನು ಹೊದೆಸಿದಂತಾಯಿತು. ಎಷ್ಟು ದಿನದ ಮೇಲೆ ಇಂಥ ಸುಖ ಅನ್ನಿಸಿ ಕಣ್ಣು ತುಂಬಿಬಂತು.

ತಿರುಗಿ ಬರುವ ಬಸ್ಸಿನಲ್ಲಿ ಅವನ ಪಕ್ಕ ಮಾಸೂರಿನ ರೈತ ಮೈಲಾರಲಿಂಗ ಕುಳಿತಿದ್ದ. ಕಾಲ ಬಳಿಯಿದ್ದ ತನ್ನ ಚೀಲವನ್ನು ಸೀಟಿನಡಿ ಸರಿಸಿ, ಜಾಗ ಮಾಡಿಕೊಟ್ಟ.

“ನಿಮ್ಮ ಓಣ್ಯಾಗ ಮಂದಿ ಹೆಂಗರಿ?” ಎಂದು ಮಾತಿಗೆಳೆದ.

“ಬಂಗಾರದಂಥ ಮಂದಿರಿ,” ಎಂದ ಶಿವಯೋಗಿ. ಬೆಕ್ಕು ಹೋದ ಖುಷಿಯಲ್ಲಿ ಅವನಿಗೆ ಓಣಿಯೆಲ್ಲ ಚಂದ ಕಾಣುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಮುಂದುವರಿಸಿದ, “ಬೆಕ್ಕಿಗೂ ದಿನಾ ಹಾಲು ಇಡತಾರ. ಈಗ ಒಂದು ಬೆಕ್ಕಿನ ಜಾಗಾನೂ ಖಾಲಿ ಐತಿ...”

ಅಷ್ಟು ಹೇಳಿ ಅವನು ರೈತನ ಹೆಗಲಿಗೊರಗಿ ನಿದ್ದೆಹೋದ. ಕನಸಿನಲ್ಲಿ ಅವನ ತಗಡಿನ ಮನೆ ಮದಗದ ಕೆರೆಯಲ್ಲಿ ತೇಲುತ್ತಿತ್ತು. ಎಲ್ಲೂ ಒಂದು ಸದ್ದಿಲ್ಲ.

ಬಸ್ಸು ಬದಲಿಸುವಲ್ಲೆಲ್ಲ ಮೈಲಾರಲಿಂಗ ಅವನನ್ನು ಕೈಹಿಡಿದು ಇಳಿಸಿ, ಹತ್ತಿಸಿದ. ಶಿಗ್ಗಾಂವದಲ್ಲಿ ಇಳಿದು ಓಣಿಯವರೆಗೂ ಜೊತೆಗೆ ಬಂದ. ಎಂಥ ದೊಡ್ಡ ಮನಸ್ಸು ಎಂದು ಶಿವಯೋಗಿ ನಿದ್ದೆಗಣ್ಣಿನಲ್ಲೇ ಕೈಮುಗಿದ.

ಮೈಲಾರಲಿಂಗ ಅವನ ಬಾಗಿಲ ಮುಂದೆ ಚೀಲವನ್ನು ಮೂರು ಸುತ್ತು ತಿರುಗಿಸಿ ಅದರ ಬಾಯಿ ಬಿಚ್ಚಿದ. ಮೂರು ಬೆಕ್ಕುಗಳು ಒಂದರ ಹಿಂದೊಂದು ಜಿಗಿದು ತಗಡು ಹತ್ತಿದವು.

“ಏನ್ ಮಾಡೋದ್ರಿ, ಯಾರ್ಯಾರೋ ಹಲ್ಕಟ್ ಮಂದಿ ನಮ್ಮ ಕೆರಿ ದಂಡಿಗೆ ತಂದು ಬಿಟ್ಟು ಹೊಕ್ಕಾರ,” ಎಂದ ಮೈಲಾರಲಿಂಗ. “ಹೊಳಿ ದಾಟಿಸಿದ್ರ ತಿರುಗಿ ಬರಂಗಿಲ್ಲಂತ. ಪುಣ್ಯಾಕ್ಕ ನಿಮ್ಮಂಥವರು ಸಿಕ್ಕಿರಿ.”

ಬೈಯಲು ಹೊರಟ ಶಿವಯೋಗಿ ತನ್ನ ಕೈಯಲ್ಲಿದ್ದ ಖಾಲಿ ಚೀಲವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

ಮೈಲಾರಲಿಂಗ ಖಾಲಿ ಚೀಲ ಮಡಚಿ ಬಗಲಲ್ಲಿಟ್ಟುಕೊಂಡ. “ಮನ್ಯಾಗ ಇನ್ನೂ ನಾಕು ಉಳದಾವ್ರಿ. ಬರೂ ಐತಾರ ತರ್ತೇನಿ. ನೀವು ಆರಾಮ ಮಲಗ್ರಿ.”