ಹೆಚ್ಚುವವರು ಬೇಕಾಗಿದ್ದಾರೆ

"ಇನ್ನೊಂದು ವಾರದೊಳಗೆ ಕೆಲಸವೇ ನನ್ನನ್ನು ಹುಡುಕಿಕೊಂಡು ಈ ಮನೆ ಬಾಗಿಲಿಗೆ ಬರ್ತದೆ. ಬರದಿದ್ದರೆ ನನ್ನನ್ನ ಮೇಷ್ಟ್ರು ಅಂತ ಕರೀಬೇಡ!"

ಹೆಂಡತಿಯ ಮುಂದೆ ನಾನು ಈ ಶಪಥ ಮಾಡಿದ್ದು ಅಡುಗೆಮನೆಯ ಹೊಸ್ತಿಲ ಆಚೆ ನಿಂತು. ಒಳಗೆ ಕಾಲಿಟ್ಟಿದ್ದರೆ ಶಪಥ ಮುಗಿಯುವ ಮೊದಲೇ ಕೈಗೊಂದು ಕೆಲಸ ಕೊಡುತ್ತಿದ್ದಳು.

ವಿಷಯ ಇಷ್ಟೇ. ನಾನು ವ್ಯಾಕರಣ ಕಲಿಸುತ್ತಿದ್ದ ಶಾಲೆಯನ್ನು ಪಕ್ಕದ ಶಾಲೆಯೊಂದಿಗೆ ಸೇರಿಸಿಬಿಟ್ಟರು. ಸಂಧಿಯಾದಾಗ ಅಕ್ಷರ ಲೋಪವಾಗುವುದನ್ನು ಜೀವಮಾನವಿಡೀ ಕಲಿಸಿದ್ದೆ. ಮೇಷ್ಟ್ರುಗಳೂ ಲೋಪವಾಗುತ್ತಾರೆಂದು ಮಾತ್ರ ಗೊತ್ತಿರಲಿಲ್ಲ! ಗಣಿತದ ಮೇಷ್ಟ್ರು, ಡ್ರಿಲ್ ಮೇಷ್ಟ್ರು, ಚಿತ್ರಕಲೆಯ ಟೀಚರಮ್ಮ ಮತ್ತು ನಾನು, ನಾಲ್ವರನ್ನೂ 'ಹೆಚ್ಚುವರಿ ಶಿಕ್ಷಕರು' ಎಂದು ಕರೆದು, ಕೈಕುಲುಕಿ ಕಳುಹಿಸಿದರು.

"ಹೆಚ್ಚು ಅಂದರೆ ಶ್ರೇಷ್ಠ ಅನ್ನೋ ಅರ್ಥವೂ ಇದೆ ಕಣೇ," ಎಂದೆ.

"ಅಕ್ಕಿ ಡಬ್ಬಕ್ಕೆ ಆ ಅರ್ಥ ಹೇಳಿ, ತುಂಬ್ಕೊಳ್ಳತ್ತೇನೋ ನೋಡೋಣ," ಎಂದಳು. ಆಮೇಲೆ ದನಿ ತಗ್ಗಿಸಿ, "ರೀ, ಬಟ್ಟೆ ಗಿರಣಿಯವರಿಗೆ ಸೋಮವಾರ ನಲವತ್ತು ಡಬ್ಬಿ ಊಟ ಒಪ್ಕೊಂಡಿದೀನಿ. ರುಚಿ ಹಿಡಿಸಿದ್ರೆ ದಿನಾ ತಗೋತಾರಂತೆ. ಇದೊಂದು ಕೈ ಹಿಡಿದ್ರೆ ಸಂಸಾರ ನಡೆಯತ್ತೆ. ನೀವೂ ಸ್ವಲ್ಪ ಕೈ ಹಾಕ್ತೀರಾ?"

"ಸಂಧಿ ಬಿಡಿಸಿದ ಕೈ ಇದು! ಸಿಪ್ಪೆ ಬಿಡಿಸಬೇಕೇ?"

"ಬೇಡ ಬಿಡಿ. ಕೆಲಸಕ್ಕೆ ಜನಾನ ನಾನೇ ನೋಡ್ಕೋತೀನಿ."

ಭಾನುವಾರ ಸಂಜೆ ದಿನಸಿ ಅಂಗಡಿಗೆ ಹೋದೆ. ಅಂಗಡಿಯವನು ಒಳಗೆಲ್ಲೋ ಇದ್ದ. ಬಾಗಿಲಲ್ಲಿ ಅವನ ಸೊಟ್ಟ ಅಕ್ಷರದ ರಟ್ಟೊಂದು ತೂಗುತ್ತಿತ್ತು: 'ಹೆಚ್ಚುವವರು ಬೇಕಾಗಿದ್ದಾರೆ. ಬೆಳಿಗ್ಗೆ ಒಳಗೆ ವಿಚಾರಿಸಿ.'

ಇನ್ನೊಮ್ಮೆ ಓದಿದೆ. ಹೆಚ್ಚುವವರು! ಯಾವುದೋ ಸಂಸ್ಥೆಯವರು 'ಹೆಚ್ಚುವರಿಯವರು' ಎಂದು ಬರೆಸಹೋಗಿ ಪಾಪ, ಎಡವಿದ್ದಾರೆ! ಶಾಲೆಯವರು ಹೊರಗೆ ಹಾಕಿದವರನ್ನೇ ಬೇಕೆಂದು ಕೇಳುವ ಪುಣ್ಯಾತ್ಮರೂ ಇದ್ದಾರಲ್ಲ! ಅಷ್ಟೇ ಅಲ್ಲ, ಅವರಿಗೆ ಒಬ್ಬ ವ್ಯಾಕರಣದ ಮೇಷ್ಟ್ರು ಎಷ್ಟು ತುರ್ತಾಗಿ ಬೇಕೆಂಬುದನ್ನು ಆ ರಟ್ಟೇ ಸಾರುತ್ತಿತ್ತು. ಕೆಲಸ ಹೋಗಿದ್ದರೂ ಕೆಂಪು ಪೆನ್ನು ಜೇಬಿನಿಂದ ಹೋಗಿರಲಿಲ್ಲ. ತೆಗೆದು, ನಡುವೆ 'ರಿಯ' ಸೇರಿಸಿದೆ. ಮನೆಗೆ ಹೋಗುವ ದಾರಿಯಲ್ಲೇ ಮೂವರಿಗೂ ಫೋನ್ ಮಾಡಿದೆ. "ನಮ್ಮ ಕಾಲ ಬಂತು! ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಬನ್ನಿ!"

ಬೆಳಿಗ್ಗೆ ನಾವು ನಾಲ್ವರೂ ಅಂಗಡಿಯ ಮುಂದೆ ಸಾಲಾಗಿ ನಿಂತೆವು. ಅಂಗಡಿಯವನು ಅಕ್ಕಿ ಮೂಟೆಯೊಳಗೆ ತಲೆ ಹುದುಗಿಸಿದ್ದ. ಎತ್ತಲೇ ಇಲ್ಲ.

"ಬೋರ್ಡ್ ನೋಡಿ ಬಂದ್ರಾ? ಹಿಂದಿನ ಬೀದಿ, ಹಸಿರು ಗೇಟು. ಬೇಗ ಹೋಗ್ರಪ್ಪಾ! ಇಬ್ಬರು ಹೆಂಗಸರು ಬಂದಿದ್ರು. ಬೋರ್ಡ್ ಓದಿ, ಇದೇನೋ ಓದಿದವರ ಕೆಲಸ ಅಂತ ವಾಪಸ್ ಹೋದ್ರು."

"ಕೇಳಿದಿರಾ? ಓದಿದವರ ಕೆಲಸ!" ಎಂದು ಎದೆ ಸೆಟೆಸಿ ಮುಂದೆ ನಡೆದೆ. ಸಂದರ್ಶನದಲ್ಲಿ ಹೇಗೆ ಕೂರಬೇಕು, ಹೇಗೆ ಕೆಮ್ಮಬೇಕು ಎಂದು ದಾರಿಯುದ್ದಕ್ಕೂ ಪಾಠ ಮಾಡಿದೆ. ನಮ್ಮ ಬೀದಿಯಲ್ಲೇ ಇಂಥ ದೊಡ್ಡ ಸಂಸ್ಥೆ ಇರುವುದು ಇಷ್ಟು ದಿನ ನನಗೆ ಗೊತ್ತಿರಲಿಲ್ಲವಲ್ಲ ಎಂಬ ಬೆರಗು ಬೇರೆ!

ಹಸಿರು ಗೇಟು ಬಂತು. ಡ್ರಿಲ್ ಮೇಷ್ಟ್ರು ಗಕ್ಕನೆ ನಿಂತರು.

"ಸಾರ್, ಇದು ನಿಮ್ಮನೆ ಅಲ್ವಾ?"

ಅಷ್ಟರಲ್ಲಿ ಹೆಂಡತಿ ಹೊರಗೆ ಬಂದಳು. ಒಂದು ಕೈಯಲ್ಲಿ ಕೋಸು, ಇನ್ನೊಂದರಲ್ಲಿ ಚಾಕು.

"ಎಲ್ರೀ ಹೋಗಿದ್ರಿ? ಹನ್ನೆರಡಕ್ಕೆ ಗಾಡಿ ಬರತ್ತೆ, ತರಕಾರಿ ಹೆಚ್ಚೋಕೆ ಒಂದು ನರಪಿಳ್ಳೆ ಬಂದಿಲ್ಲ! ಅಂಗಡಿಯಣ್ಣನ ಕೈಲಿ ಬೋರ್ಡ್ ಬರೆಸಿದ್ದೆ. ಯಾರೋ ಅದರ ಮೇಲೆ ಕೆಂಪು ಪೆನ್ನಲ್ಲಿ ಗೀಚಿದಾರಂತೆ, ಈಗ ಫೋನ್ ಮಾಡಿದ್ದ..."

ಅವಳ ಕಣ್ಣು ನನ್ನ ಜೇಬಿನ ಮೇಲಿತ್ತು. ದ್ರೋಹಿ ಪೆನ್ನು ಅಂದೇ ಸೋರಬೇಕೇ! ಇಸ್ತ್ರಿ ಹಾಕಿದ ಬಿಳಿ ಅಂಗಿಯ ಮೇಲೆ ಕೆಂಪು ಕಲೆ ಹಿಗ್ಗುತ್ತಿತ್ತು.

ಅವಳು ಬೈಯಲಿಲ್ಲ. ಕೋಸನ್ನು ನೋಡುತ್ತ, "ಮೊದಲನೇ ದಿನವೇ ಹೀಗಾಯ್ತಲ್ಲ," ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಗಣಿತದ ಮೇಷ್ಟ್ರು ತೋಳು ಮಡಚಿದರು. "ಕೊಡಿ ತಾಯಿ ಆ ಕೋಸನ್ನ. ಹೆಚ್ಚುವರಿ ಆಗಿದ್ದೂ ಆಯ್ತು, ಇನ್ನು ಹೆಚ್ಚೋಕೆ ಏನಂತೆ!"

ಆಮೇಲೆ ನಡೆದದ್ದು ಯುದ್ಧ! ಗಣಿತದವರ ಕ್ಯಾರೆಟ್ಟು ಅಳತೆಪಟ್ಟಿ ಇಟ್ಟು ಕತ್ತರಿಸಿದಂತೆ ಬಿತ್ತು. ಡ್ರಿಲ್ ಮೇಷ್ಟ್ರ "ಒಂದ್, ಎರಡ್!" ಕೂಗಿಗೆ ಈರುಳ್ಳಿ ತಾನಾಗಿಯೇ ಶಿಸ್ತಿನಿಂದ ಉರುಳಿತು. ಟೀಚರಮ್ಮನ ಕೈಯಲ್ಲಿ ಟೊಮ್ಯಾಟೊ ಹೂವಾಯಿತು. ನಾನು ಹುರುಳಿಕಾಯಿ ಹಿಡಿದು ಕೂತೆ. ಒಂದು ತುಂಡು ಹ್ರಸ್ವ, ಇನ್ನೊಂದು ದೀರ್ಘ! ಮನಸ್ಸು ಒಪ್ಪಬೇಕಲ್ಲ? ಬೇರೆ ಬೇರೆ ಗುಡ್ಡೆ ಮಾಡುತ್ತಿರುವಾಗಲೇ ಹೆಬ್ಬೆರಳಿಗೆ ಚಾಕು ತಾಗಿತು.

ಗಾಡಿ ಬಂತು, ನಲವತ್ತು ಡಬ್ಬಿಯೂ ಹೋಯಿತು. ಮಧ್ಯಾಹ್ನ ಗಿರಣಿಯಿಂದ ಫೋನ್: "ನಾಳೆಯಿಂದ ದಿನಾ ಕಳಿಸಿ."

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಈರುಳ್ಳಿ ಎಂದಳು. ಮೂವರಿಗೂ ಕಾಫಿ ಕೊಟ್ಟು, "ನಾಳೇನೂ ಬನ್ನಿ. ಸಂಬಳದ ಮಾತು ಆಡ್ಕೊಳ್ಳೋಣ," ಎಂದಳು.

ನಾನು ಬ್ಯಾಂಡೇಜಿನ ಹೆಬ್ಬೆರಳನ್ನು ಕಾಣುವಂತೆ ಹಿಡಿದು ಕೆಮ್ಮಿದೆ. ಸಂದರ್ಶನದ ಕೆಮ್ಮು.

"ನನಗೂ ಏನಾದರೂ ಹುದ್ದೆ...?"

ಅವಳು ಹೆಬ್ಬೆರಳನ್ನು ನೋಡಿದಳು. ಮೂಲೆಯಲ್ಲಿದ್ದ ಹ್ರಸ್ವ-ದೀರ್ಘದ ಗುಡ್ಡೆಗಳನ್ನು ನೋಡಿದಳು.

"ನೋಡಿ ಮೇಷ್ಟ್ರೇ, ಇವರೆಲ್ಲ ಹೆಚ್ಚುವವರು. ನೀವೊಬ್ಬರೇ ಹೆಚ್ಚುವರಿ."

ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು. ಆ ವಾಕ್ಯವನ್ನು ಮನಸ್ಸಿನಲ್ಲೇ ಎರಡು ಬಾರಿ ಓದಿದೆ. ತಿದ್ದುವಂಥದ್ದೇನೂ ಇರಲಿಲ್ಲ!