ಮೇಷ್ಟ್ರ ಮನೆಯ ಡ್ರಮ್ಮು

ಬೆಳಗ್ಗೆ ಏಳಕ್ಕೆ ಮುಖ ತೊಳೆಯಲೆಂದು ಡ್ರಮ್ಮಿನ ಮುಚ್ಚಳ ತೆಗೆದ ಸೊಳ್ಳೆ ಮೇಷ್ಟ್ರ ಕೈಯಿಂದ ಚೊಂಬು ಜಾರಿತು. ನೀರಿನ ತುಂಬ ಸೊಳ್ಳೆಮರಿಗಳು ಶಾಲೆ ಬಿಟ್ಟ ಮಕ್ಕಳ ಹಾಗೆ ಕುಣಿಯುತ್ತಿದ್ದವು.

ಬೇರೆ ಯಾರ ಮನೆಯಲ್ಲಾದರೂ ಇದು ಅಂಥ ದೊಡ್ಡ ಸಂಗತಿಯಲ್ಲ. ಆದರೆ ಮೇಷ್ಟ್ರು ಅನ್ನ ತಿನ್ನುತ್ತಿದ್ದದ್ದೇ ಸೊಳ್ಳೆಯ ವಿರುದ್ಧ ಮಾತಾಡಿ. ಅವರ ಸಂಸ್ಥೆ ಬೀದಿಯ ಹೆಂಗಸರಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಸಾಕುವುದನ್ನು ಕಲಿಸಿತ್ತು. ಹೆಂಗಸರು ಮೀನು ಮಾರಿ ಸಂಸಾರಕ್ಕೆ ಆಸರೆಯಾಗಿದ್ದರು, ಮೇಷ್ಟ್ರು ಮನೆಮನೆಗೆ ಹೋಗಿ ಜ್ವರದ ಪಾಠ ಹೇಳುತ್ತಿದ್ದರು, ಅದಕ್ಕೇ ಬೀದಿಗೆಲ್ಲ ಸೊಳ್ಳೆ ಮೇಷ್ಟ್ರಾಗಿದ್ದರು. ಮರಿ ಸಿಕ್ಕಿದ ಮನೆಯವರ ಹೆಸರನ್ನು ಬೀದಿ ಮೂಲೆಯ ಕಪ್ಪುಹಲಗೆಯಲ್ಲಿ ಬರೆಯಬೇಕೆಂದು ನಿಯಮ ಮಾಡಿದವರೂ ಅವರೇ. ತಮ್ಮ ಡ್ರಮ್ಮಿಗೆ ಮೀನು ಬಿಡುವುದನ್ನು ಮಾತ್ರ ನಾಳೆ ನಾಡಿದ್ದು ಎಂದು ತಳ್ಳುತ್ತಲೇ ಬಂದಿದ್ದರು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಅವರದು ಒಂದು ವರ್ಷದ ಗುತ್ತಿಗೆ ನೌಕರಿ, ಈ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸಬೇಕೋ ಬೇಡವೋ ಎಂದು ನಿರ್ಧರಿಸಲು ದೊಡ್ಡ ಕಚೇರಿಯ ಮೇಡಂ ಇವತ್ತೇ ಹನ್ನೊಂದಕ್ಕೆ ಬರುವವರಿದ್ದರು.

ಡ್ರಮ್ಮನ್ನು ಚರಂಡಿಗೆ ಬಗ್ಗಿಸಲು ಹೋದರೆ ಹೆಂಡತಿ ಅಡ್ಡ ನಿಂತಳು. ನಲ್ಲಿಯಲ್ಲಿ ನೀರು ಬರಲು ಇನ್ನೂ ಮೂರು ದಿನವಿತ್ತು.

"ಹೇಳೋದು ಶಾಸ್ತ್ರ, ಹಾಕೋದು ಗಾಳ. ಹೋಗಿ ಮೀನು ತನ್ನಿ," ಎಂದಳು.

ಮೇಷ್ಟ್ರು ನೀರಿನ ಬಾಟಲಿ ಹಿಡಿದು ಹೆಂಗಸರ ಸಂಘದ ಮೀನು ತೊಟ್ಟಿಯತ್ತ ಓಡಿದರು. ಅಲ್ಲಿ ಸಂಘದ ಲೀಡರಕ್ಕ ಒಬ್ಬಳೇ ತೊಟ್ಟಿ ಉಜ್ಜುತ್ತಿದ್ದಳು. ಉಳಿದವರೆಲ್ಲ ಎಲ್ಲಿ ಎಂದು ಕೇಳಿದ್ದೇ ತಪ್ಪಾಯಿತು.

"ಎಲ್ಲರ ಮನೆ ಡ್ರಮ್ ನೋಡ್ಕೊಂಡು ಬನ್ನಿ ಅಂತ ಕಳಿಸಿದೀನಿ ಮೇಷ್ಟ್ರೇ. ನಿಮ್ಮನೇಲಿ ಮರಿ ಏನಾದ್ರೂ ಇದ್ಯಾ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಯಾಕೆ ನೋಡುತ್ತಿದ್ದಾರೆ ಎಂದು ಕೇಳುವಷ್ಟು ಧೈರ್ಯವೂ ಮೇಷ್ಟ್ರಿಗೆ ಉಳಿಯಲಿಲ್ಲ. ತಮ್ಮ ಮನೆಯಲ್ಲಿ ಮರಿ ಇರುವುದುಂಟೇ ಎಂದು ಆಣೆ ಮಾಡಿದರು. ಆಕೆ ಕುಂಚ ತೊಳೆಯಲು ಅತ್ತ ತಿರುಗಿದಾಗ ಬಾಟಲಿ ಮುಳುಗಿಸಿ ಹತ್ತಿಪ್ಪತ್ತು ಮೀನು ಹಿಡಿದುಕೊಂಡರು. ಸಾಕುವುದನ್ನು ಕಲಿಸಿದ ಕೈಯೇ ಕದಿಯಿತಲ್ಲ ಎಂದು ನಾಚಿಕೆಯಾಯಿತು, ಆದರೂ ಕಾಲು ನಿಲ್ಲಲಿಲ್ಲ.

ಮನೆಗೆ ಬರುವಷ್ಟರಲ್ಲಿ ಇಬ್ಬರು ಹೆಂಗಸರು ಟಾರ್ಚ್ ಹಿಡಿದು ಮೂರು ಮನೆ ಆಚೆ ಇದ್ದರು. ಅವರ ಹಿಂದೆ ಎದುರುಮನೆ ಅಜ್ಜಿ. ಪರರ ಮನೆಯ ಡ್ರಮ್ಮು ನೋಡುವ ಅವಕಾಶ ಅಜ್ಜಿ ಯಾವತ್ತೂ ಬಿಟ್ಟವಳಲ್ಲ. ಮೇಷ್ಟ್ರು ಬಾಟಲಿ ಸುರಿದರು. ಓಟದಲ್ಲಿ ಕುಲುಕಿ ತಲೆ ಸುತ್ತಿದ ಮೀನುಗಳು ತಳ ಸೇರಿ ಅಲುಗಾಡದೆ ಕೂತವು, ಮರಿಗಳು ಮೇಲೆ ಆರಾಮಾಗಿ ಆಡಿಕೊಂಡಿದ್ದವು. ತಿನ್ನಿರಪ್ಪಾ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದು ಮೇಷ್ಟ್ರು ಕಾಲಿಲ್ಲದ ಮೀನುಗಳನ್ನು ಬೇಡಿಕೊಂಡರು. ಹೆಂಡತಿ ಚಹಾ ಸೋಸುವ ಜರಡಿ ತಂದು ಗೋರತೊಡಗಿದಳು. ಪಕ್ಕದ ಮನೆಯ ಬಾಗಿಲು ಬಡಿದ ಸದ್ದು ಕೇಳಿಸಿತು. ಅಷ್ಟರಲ್ಲಿ ಒಂದು ಮೀನು ಕಣ್ಣುಬಿಟ್ಟಂತೆ ಮೇಲೆ ಬಂದು ಬಾಯಿ ಹಾಕಿತು. ಅದನ್ನು ನೋಡಿ ಉಳಿದವೂ ಎದ್ದವು, ಜರಡಿಗೆ ಸಿಗದ ಮರಿಗಳೆಲ್ಲ ಅವುಗಳ ಬಾಯಿಗೆ ಹೋದವು.

ಹೆಂಗಸರು ಬಂದು ಟಾರ್ಚ್ ಬಿಟ್ಟರು. ಬಹಳ ಹೊತ್ತು ಬಗ್ಗಿ ನೋಡಿದರು. ಅವರ ನಡುವೆ ಅಜ್ಜಿಯೂ ತಲೆ ತೂರಿಸಿ ಇಣುಕಿದಳು. ಕೊನೆಗೆ ಒಬ್ಬಳು ಒಂದೂ ಇಲ್ಲ ಎಂದು ಮುಖ ಸಣ್ಣ ಮಾಡಿಕೊಂಡಳು. ನನ್ನನ್ನು ಸಿಕ್ಕಿಸಲಾಗಲಿಲ್ಲವೆಂಬ ಹೊಟ್ಟೆಯುರಿ ಎಂದುಕೊಂಡ ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು ಮೀಸೆ ತಿರುವುತ್ತ ಸಂಘದ ಕೋಣೆಗೆ ನಡೆದರು.

ಮೇಡಂ ಆಗಲೇ ಬಂದು ಕೂತಿದ್ದರು. ಎದುರಿಗೆ ಮೇಜಿನ ಮೇಲೆ ಗಾಜಿನ ಜಾಡಿ, ಅದರಲ್ಲಿ ಹಸಿದ ನಾಲ್ಕು ಮೀನು. ಲೀಡರಕ್ಕ ತಲೆ ತಗ್ಗಿಸಿ ನಿಂತಿದ್ದಳು. ಮೀನು ಮರಿ ತಿನ್ನುವುದನ್ನು ಮೇಡಮ್ಮಿಗೆ ತೋರಿಸೋಣವೆಂದು ಬೆಳಗ್ಗಿನಿಂದ ಬೀದಿಯೆಲ್ಲ ಹುಡುಕಿದರೂ ಒಂದು ಮರಿಯೂ ಸಿಗಲಿಲ್ಲವೆಂದು ಒಪ್ಪಿಸುತ್ತಿದ್ದಳು. ಮೇಷ್ಟ್ರ ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು.

ಮೇಡಂ ಮಾತ್ರ ಬಹಳ ಸಂತೋಷದಲ್ಲಿದ್ದರು. ಹೆಂಗಸರ ಮೀನಿಗೆ ಬೇರೆ ಬಡಾವಣೆಗಳಿಂದ ಬೇಡಿಕೆ ಬಂದಿದೆ, ಇನ್ನೂ ಎರಡು ತೊಟ್ಟಿ ಕಟ್ಟಿಸಿಕೊಡುತ್ತೇವೆ ಎಂದರು. ಆಮೇಲೆ ಮೇಷ್ಟ್ರ ಕೈ ಕುಲುಕಿದರು.

"ಮರಿನೇ ಇಲ್ಲದ ಬೀದಿಗೆ ಇನ್ನು ಪಾಠದ ಮೇಷ್ಟ್ರು ಯಾಕೆ? ನಿಮ್ಮ ಕೆಲಸ ಪೂರ್ತಿ ಆಯ್ತು. ಒಂದೇ ಒಂದು ಮನೇಲಿ ಸಿಕ್ಕಿದ್ರೂ ಇನ್ನೊಂದು ವರ್ಷ ಮುಂದುವರಿಸ್ತಿದ್ದೆ."

ಮಾನ ಹೋದರೂ ಅನ್ನ ಉಳಿಯಲಿ ಎಂದು ಮೇಷ್ಟ್ರು ನಿಜ ಹೇಳಿಬಿಟ್ಟರು.

"ಮೇಡಂ, ನಮ್ಮನೇಲಿತ್ತು. ಡ್ರಮ್ ತುಂಬ ಇತ್ತು."

ಮೇಡಂ ನಕ್ಕರು. ನೌಕರಿ ಉಳಿಸಿಕೊಳ್ಳಲು ಜನ ಏನೇನೋ ಸುಳ್ಳು ಹೇಳಿದ್ದನ್ನು ಕೇಳಿದ್ದೇನೆ, ಇಂಥದ್ದು ಇದೇ ಮೊದಲು ಎಂದರು. ಚೊಕ್ಕ ಮನೆಯ ಮಾನ ತಾವೇ ಕಳೆದುಕೊಳ್ಳುತ್ತಿದ್ದಾರಲ್ಲ ಎಂದು, ಬಾಗಿಲಲ್ಲಿ ನಿಂತಿದ್ದ ಎದುರುಮನೆ ಅಜ್ಜಿಗೆ ಮೇಷ್ಟ್ರ ಮೇಲೆ ಮೊದಲ ಬಾರಿಗೆ ಅಭಿಮಾನ ಉಕ್ಕಿ ಬಂತು. ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಅವರ ಮಾತು ನಂಬಬೇಡ ಕಣಮ್ಮ. ನಾನೇ ಕಣ್ಣಾರೆ ನೋಡಿದೀನಿ, ಒಂದು ಮರಿನೂ ಇರಲಿಲ್ಲ. ಎಲ್ಲಿ ಬೇಕಾದ್ರೂ ಬಂದು ಸಾಕ್ಷಿ ಹೇಳ್ತೀನಿ."