ಎಂಜಿನ್ನಿನ ಜ್ವರ

ಆ ಶನಿವಾರದ ರಗಳೆಗೆಲ್ಲ ಕಾರಣ ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ತುಂಡು. ಅಂಚೆಯಲ್ಲಿ ಬಂದ ಪೊಟ್ಟಣದಲ್ಲಿ ಅದರ ಜೊತೆಗೆ ಉದ್ದನೆಯ ತಂತಿ, ಬೆಂಕಿಪೊಟ್ಟಣದಷ್ಟು ದೊಡ್ಡ ಮೀಟರು ಇದ್ದವು. ಎಂಜಿನ್ನಿನ ಎಣ್ಣೆ ಎಷ್ಟು ಬಿಸಿಯಾಗಿದೆಯೆಂದು ಹಿತ್ತಾಳೆ ತುಂಡು ಮುಟ್ಟಿ ನೋಡುತ್ತದೆ, ಮೀಟರು ಅದನ್ನು ಅಂಕಿಯಲ್ಲಿ ಹೇಳುತ್ತದೆ. ಎಲ್ಲಿ ಮುಟ್ಟಿ ನೋಡಬೇಕು ಎಂಬುದನ್ನು ಮಾತ್ರ ಯಾರೂ ಬರೆದು ಕಳಿಸಿರಲಿಲ್ಲ.

ತರಿಸಿಕೊಂಡವನು ಪ್ರೂಫಣ್ಣ. ಇಪ್ಪತ್ತು ವರ್ಷದಿಂದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದುದರಿಂದ ಓಣಿಯವರು ಇಟ್ಟ ಹೆಸರು ಅದು. ತಪ್ಪು ಹುಡುಕಿ ಹುಡುಕಿ ಅವನ ಕಣ್ಣಿಗೆ ತಪ್ಪಿಲ್ಲದ್ದೆಂದರೇ ಅನುಮಾನ. ಅವನಲ್ಲಿದ್ದ ಮೋಟರುಬೈಕು ಅಪ್ಪ ಬಿಟ್ಟುಹೋದದ್ದು. ನೀರಿನ ಗೊಡವೆಯಿಲ್ಲದೆ ಬರೀ ಗಾಳಿಗೆ ತಣಿಯುವ ಹಳೆಯ ಎಂಜಿನ್ನು. ಅದರ ಮೇಲೆ ಅವನಿಗೆ ಪ್ರಾಣ. ಆದರೆ ಕಾಲಿಗೆ ಸ್ವಲ್ಪ ಬಿಸಿ ತಾಗಿದರೂ ಎದೆ ಧಸಕ್ಕೆಂದು ದಾರಿ ಬದಿಗೆ ನಿಲ್ಲಿಸಿಬಿಡುತ್ತಿದ್ದ. ಬಿಸಿಯಲ್ಲಿ ಒಮ್ಮೆ ಆರಿಸಿದರೆ ಪೂರ್ತಿ ತಣಿಯುವವರೆಗೆ ಮತ್ತೆ ಹೊತ್ತಿಕೊಳ್ಳುವುದಿಲ್ಲ ಎಂಬ ಹಟ ಆ ಗಾಡಿಗೆ. ಅರ್ಧ ಗಂಟೆಯ ದಾರಿಯಲ್ಲಿದ್ದ ತನ್ನ ಅಕ್ಕನ ಮನೆ ಮುಟ್ಟಲು ಹೆಂಡತಿಗೆ ಕಳೆದ ಸಲ ಅವನ ಹಿಂದೆ ಕೂತು ಎರಡೂವರೆ ಗಂಟೆ ಹಿಡಿದಿತ್ತು.

"ಇವತ್ತು ನಾಲ್ಕಕ್ಕೆ ಅಕ್ಕನ ಮನೆಗೆ ಹೊರಡ್ತೀವಿ," ಎಂದಳು ಅವಳು. "ಹೋಗ್ತಾನೂ ನಿಲ್ಲಬಾರದು, ಬರ್ತಾನೂ ನಿಲ್ಲಬಾರದು. ನಿಂತ್ರೆ ಗುಜರಿಯವನಿಗೆ ಫೋನ್ ಮಾಡ್ತೀನಿ. ಆಮೇಲೆ ಅಪ್ಪನ ಗಾಡಿ ಅಂತ ಮುಖ ಸಣ್ಣ ಮಾಡ್ಕೊಂಡು ಕೂತರೆ ನಾನು ಕೇಳಲ್ಲ."

"ಸಿಗ್ನಲ್ ಬಂದ್ರೆ?"

"ಸಿಗ್ನಲ್ ಲೆಕ್ಕಕ್ಕಿಲ್ಲ. ಹಾಗೇ ಆ ಹರಿದ ಸೀಟಿಗೊಂದು ಗತಿ ಕಾಣಿಸಿ. ಕೂತರೆ ಸ್ಪಂಜು ಉದುರತ್ತೆ."

ಸೀಟಿನ ಗತಿ ನೋಡಲು ಪುರುಸೊತ್ತೆಲ್ಲಿ? ಅವನು ಅಂಗಳದಲ್ಲಿ ಗಾಡಿ ನಿಲ್ಲಿಸಿ ಸ್ಪ್ಯಾನರು ಹಿಡಿಯುವಷ್ಟರಲ್ಲಿ ಎದುರು ಮನೆಯ ಸ್ಟೇರಿಂಗ್ ತಾತ ಬಂದಾಗಿತ್ತು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ, ಈಗ ಓಣಿಯನ್ನು ಓಡಿಸುತ್ತಿದ್ದ.

"ಇದನ್ನ ಎಲ್ಲಿ ಹಾಕೋದು ಅಂತ ಯೋಚನೆ ಬೇರೆ ಬೇಕೇನಪ್ಪಾ," ಎಂದ ತಾತ. "ಎಣ್ಣೆ ಸೋರಿಸೋಕೆ ಅಡಿಯಲ್ಲಿ ಬೋಲ್ಟ್ ಇದೆಯಲ್ಲ, ಅದನ್ನ ತೆಗೆದು ಇದನ್ನ ಹಾಕು. ಎಲ್ಲಿ ಸುತ್ತಿದ್ರೂ ಎಣ್ಣೆ ಕೊನೆಗೆ ಬರೋದು ಅಲ್ಲಿಗೇ."

"ಅಡಿಯಲ್ಲಿ ಹಾಕಿ, ರಸ್ತೆ ಉಬ್ಬು ಸಿಕ್ಕಿದಾಗ ಮುರ್ಕೊಳ್ಳಲಿ," ಎಂದು ಕಾಂಪೌಂಡಿನ ಆಚೆಯಿಂದ ದನಿ ಬಂತು. ಅದು ಪಕ್ಕದ ಮನೆಯ ನಲ್ಲಿ ರಿಪೇರಿಯವನದು. ದನಿಯ ಹಿಂದೆಯೇ ಅವನೂ ಗೋಡೆ ಹಾರಿ ಬಂದ. "ಮೂವತ್ತು ಸಾವಿರ ಕೊಳಾಯಿ ಕೂರಿಸಿದೀನಣ್ಣ. ತಳದಲ್ಲಿ ತೂತಿದ್ರೆ ಸೋರದೆ ಇರಲ್ಲ. ಮೇಲೆ ಎಣ್ಣೆ ಹಾಕೋ ಮುಚ್ಚಳ ಇದೆ ನೋಡಿ, ಅದಕ್ಕೊಂದು ತೂತು ಕೊರೆದು ಇಳಿಬಿಟ್ರಾಯ್ತು."

"ಅಪ್ಪನ ಗಾಡಿಗೆ ತೂತು ಕೊರೆಯೋದು ಬೇಡ," ಎಂದ ಪ್ರೂಫಣ್ಣ.

ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ತಾತ ಕೆಳಗೆ ಮಲಗಿ ಬೋಲ್ಟು ತಿರುಗಿಸಿಯೇಬಿಟ್ಟ. ಎಣ್ಣೆ ಬಕೆಟ್ಟಿಗೆ ಅರ್ಧ, ತಾತನ ತೋಳಿಗೆ ಅರ್ಧ ಇಳಿಯಿತು. ಹಿತ್ತಾಳೆ ತುಂಡು ಆ ತೂತಿಗೆ ದಪ್ಪವಾಯಿತು. ನಲ್ಲಿಯವನು ನಕ್ಕ. ತಾತ ಹಳೇ ಬೋಲ್ಟನ್ನು ವಾಪಸು ಹಾಕಿ, ಹೊಸ ಎಣ್ಣೆ ತುಂಬಿಸಿ, ಲೋಹ ಕಡೆಯುವ ಲೇತಿನಲ್ಲಿ ಸಣ್ಣ ಮಾಡಿಸಿದರೆ ಕೂರುತ್ತದೆಂದು ವಾದಿಸಿದ. ನಲ್ಲಿಯವನು ಡ್ರಿಲ್ಲು ತಂದ. ಮೀಟರು ಹ್ಯಾಂಡಲ್ಲಿಗೆ ಕೂತಿತು, ಬ್ಯಾಟರಿಯಿಂದ ಕರೆಂಟೂ ಬಂತು, ಆದರೆ ತಂತಿಯ ತುದಿಯ ಹಿತ್ತಾಳೆ ಮಾತ್ರ ಮಧ್ಯಾಹ್ನ ಮೂರರವರೆಗೂ ಇಬ್ಬರ ಕೈಯಿಂದ ಕೈಗೆ ತಿರುಗುತ್ತಿತ್ತು.

ಮೂರೂವರೆಗೆ ಹೆಂಡತಿ ಕರೆದಳು. "ರೀ, ಒಳಗೆ ಬಂದು ಸ್ನಾನ ಮಾಡಿ. ಈ ಅವತಾರದಲ್ಲಿ ಬಂದ್ರೆ ಅಕ್ಕ ಗುರುತು ಹಿಡಿಯಲ್ಲ."

ಅವನು ಒಗೆದ ಅಂಗಿ ತೊಟ್ಟು ಹೊರಗೆ ಬಂದಾಗ ಅಂಗಳ ಖಾಲಿ. ಗಾಡಿ ನೆಟ್ಟಗೆ ನಿಂತಿತ್ತು. ಹಿತ್ತಾಳೆ ತುಂಡು ಎಲ್ಲೂ ಕಾಣಿಸಲಿಲ್ಲ. ಬಗ್ಗಿ ನೋಡಲು ಹೊತ್ತಿರಲಿಲ್ಲ. ತಾತ ತನ್ನ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ.

"ತಾತ, ಹಾಕಾಯ್ತಾ?"

"ಅವನನ್ನೇ ಕೇಳು," ಎಂದು ತಾತ ಗೋಡೆಯತ್ತ ಗದ್ದ ತೋರಿಸಿದ.

ಗೋಡೆಯಾಚೆಯಿಂದ ನಲ್ಲಿಯವನು, "ನನ್ನನ್ನೇನು ಕೇಳ್ತೀರಣ್ಣ, ಎಲ್ಲಾ ತಾತನ ಇಷ್ಟದಂತೇ ಆಗಿದೆ," ಎಂದ.

ಇಬ್ಬರೂ ಸಿಟ್ಟಾಗಿದ್ದಾರೆಂದರೆ ಕೆಲಸ ಮುಗಿದಿದೆ ಎಂದೇ ಅರ್ಥ ಎಂದುಕೊಂಡ ಪ್ರೂಫಣ್ಣ ಗಾಡಿಗೆ ಒದ್ದ. ಅದು ಹೊತ್ತಿಕೊಂಡಿತು.

ಆ ಸವಾರಿಯನ್ನು ಅವನು ಬದುಕಿನಲ್ಲಿ ಮರೆಯಲಾರ. ಮೀಟರಿನಲ್ಲಿ ಮೂವತ್ತನಾಲ್ಕು, ಮೂವತ್ತೈದು, ಆಮೇಲೆ ಮೂವತ್ತಾರು. ಅಲ್ಲಿಂದಾಚೆ ಅಂಕಿ ಅಲುಗಲಿಲ್ಲ. ಕಾಲಿಗೆ ಎಂದಿನಂತೆ ಬಿಸಿ ತಾಗಿತು, ಎದೆ ಧಸಕ್ಕೆಂದಿತು, ಆದರೆ ಅಂಕಿ ನೋಡಿದ ಕೂಡಲೇ ಜೀವ ತಣ್ಣಗಾಯಿತು. ಕಾಮಾ ಕಂಡರೂ ಅನುಮಾನಿಸುವ ಮನುಷ್ಯ ಅದನ್ನು ಹೇಗೆ ನಂಬಿದ ಎಂದರೆ, ಸುದ್ದಿ ಅಷ್ಟು ಒಳ್ಳೆಯದಾಗಿತ್ತು. ಏರು ಬಂತು, ನಿಲ್ಲಿಸಲಿಲ್ಲ. ಮೇಲ್ಸೇತುವೆ ಬಂತು, ನಿಲ್ಲಿಸಲಿಲ್ಲ.

"ಏನೋ ಚುಚ್ತಾ ಇದೆ ರೀ," ಎಂದಳು ಹಿಂದಿನಿಂದ ಹೆಂಡತಿ.

"ಸೀಟಿನ ಸ್ಪ್ರಿಂಗಿರಬೇಕು. ಸ್ವಲ್ಪ ತಡ್ಕೋ."

ಅರ್ಧ ಗಂಟೆಗೆ ಸರಿಯಾಗಿ ಅಕ್ಕನ ಮನೆ ಬಂತು. ಹೆಂಡತಿ ಇಳಿದು, ಗಡಿಯಾರ ನೋಡಿ, ಗಾಡಿಯ ಟ್ಯಾಂಕನ್ನು ಒಮ್ಮೆ ಸವರಿದಳು. "ಪರವಾಗಿಲ್ಲ, ಮಾವನವರ ಗಾಡಿ ಗಟ್ಟಿಯಾಗೇ ಇದೆ. ಹೀಗೇ ವಾಪಸು ಮನೆ ಮುಟ್ಟಿಸಿ, ಹೊಸ ಸೀಟು ನಾನೇ ಹಾಕಿಸ್ತೀನಿ," ಎಂದಳು. ಪ್ರೂಫಣ್ಣನ ಕಣ್ಣು ತುಂಬಿ ಬಂತು.

ಅಕ್ಕನ ಗಂಡ, ಅಂದರೆ ಅವನ ಷಡ್ಡಕ, ಮನೆಯ ಹಿಂದೆಯೇ ಲೇತ್ ಇಟ್ಟುಕೊಂಡವನು. ಆತ ಮೀಟರನ್ನು ನೋಡಿದ, ಎಂಜಿನ್ನಿಗೆ ಬೆರಳು ತಾಗಿಸಿ ಚುರುಕ್ಕೆಂದು ಎಳೆದುಕೊಂಡ, ಮತ್ತೆ ಮೀಟರು ನೋಡಿದ. ಆಮೇಲೆ ತಂತಿಯನ್ನು ಹಿಡಿದುಕೊಂಡು ಟ್ಯಾಂಕಿನ ಕೆಳಗಿಂದ ಹಿಂದೆ ಹಿಂದೆ ಹೋಗಿ, ಸೀಟಿನ ಹರುಕಿನೊಳಗೆ ಕೈ ತೂರಿಸಿ ಹಿತ್ತಾಳೆ ತುಂಡನ್ನು ಹೊರಗೆಳೆದ. ನಲ್ಲಿಯವನ ಡ್ರಿಲ್ಲಿಗೆ ಸಿಗದಿರಲೆಂದು ತಾತ ಅದನ್ನು ಅಲ್ಲಿ ಬಚ್ಚಿಟ್ಟು ಮನೆಗೆ ಹೋಗಿದ್ದ.

"ಇಷ್ಟು ಹೊತ್ತು ನೀವು ನೋಡಿದ್ದು ಎಣ್ಣೆ ಬಿಸಿ ಅಲ್ಲ," ಎಂದ ಷಡ್ಡಕ ದನಿ ತಗ್ಗಿಸಿ. "ನಮ್ಮ ನಾದಿನಿ ಬಿಸಿ. ಆರೋಗ್ಯವಾಗಿದ್ದಾಳೆ, ಗಾಬರಿ ಬೇಡ."

ಪ್ರೂಫಣ್ಣ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ತುಂಡನ್ನು ಮತ್ತೆ ಸೀಟಿಗೆ ತುರುಕಿ ಮನೆಗೆ ಹೋದರೆ ಗಾಡಿ ಉಳಿಯುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕಣ್ಣಿಗೆ ಬಿದ್ದ ತಪ್ಪನ್ನು ಹಾಗೇ ಅಚ್ಚಿಗೆ ಬಿಡುವುದು ಇಪ್ಪತ್ತು ವರ್ಷದಲ್ಲಿ ಅವನ ಕೈಯಲ್ಲಿ ಒಮ್ಮೆಯೂ ಆಗಿರಲಿಲ್ಲ.

"ಸರಿಯಾದ ಜಾಗದಲ್ಲಿ ಹಾಕಿಕೊಡಿ," ಎಂದ.

ಷಡ್ಡಕ ಹಿತ್ತಾಳೆಯ ದಪ್ಪವನ್ನು ಲೇತಿನಲ್ಲಿ ಇಳಿಸಿ, ತಾತ ಹೇಳಿದ ಅಡಿಯ ಬೋಲ್ಟಿನ ಜಾಗಕ್ಕೇ ಅದನ್ನು ಬಿಗಿದ. ನಲ್ಲಿಯವನ ಮಾತಿಗೂ ಬೆಲೆ ಕೊಟ್ಟು, ಉಬ್ಬು ತಾಗದಂತೆ ಒಂದು ತಗಡು ಅಡ್ಡ ಕೊಟ್ಟ. "ನೂರು ದಾಟತ್ತೆ, ನೂರ ಇಪ್ಪತ್ತರ ತನಕ ತಲೆ ಕೆಡಿಸ್ಕೋಬೇಡಿ. ಗಾಳಿಗೆ ತಣಿಯೋ ಎಂಜಿನ್ನಿಗೆ ಅದು ಮಾಮೂಲು. ನಿಲ್ಲಿಸ್ಬೇಡಿ," ಎಂದು ಎರಡು ಸಲ ಹೇಳಿದ. ಪ್ರೂಫಣ್ಣ ಎರಡು ಸಲವೂ ತಲೆಯಾಡಿಸಿದ.

ಹೊರಟ ಮೇಲೆ ಅಂಕಿ ಅರವತ್ತಾಯಿತು. ಏರು ಬಂದಾಗ ಎಂಬತ್ತೆಂಟು. ಮಾಮೂಲು, ಮಾಮೂಲು ಎಂದು ಅವನು ಒಳಗೊಳಗೇ ಹೇಳಿಕೊಂಡ. ಮೇಲ್ಸೇತುವೆ ಹತ್ತುವಾಗ ತೊಂಬತ್ತೇಳು. ಎಂಜಿನ್ನು ಹಾಡುತ್ತಾ ಓಡುತ್ತಿತ್ತು. ನೂರು. ನೀರು ಕುದಿಯುವುದು ನೂರಕ್ಕೆ ಎಂಬುದು ನೆನಪಿಗೆ ಬಂತು. ನೂರಾ ಎರಡು. ಕಾಲಿಗೆ ಬಿಸಿ ತಾಗಿತು. ನೂರಾ ನಾಲ್ಕು.

ಗಾಡಿ ದಾರಿ ಬದಿಯಲ್ಲಿ ನಿಂತಿತು.

"ಕೆಟ್ಟು ನಿಂತಿತಾ?" ಎಂದಳು ಹೆಂಡತಿ.

"ಇಲ್ಲ. ನಾನೇ ನಿಲ್ಲಿಸಿದೆ."

"ಯಾಕೆ?"

"ನೂರಾ ನಾಲ್ಕು."

ಅವಳು ಇಳಿದು, ಸೀರೆಗೆ ಅಂಟಿದ ಸ್ಪಂಜಿನ ಚೂರುಗಳನ್ನು ಒಂದೊಂದಾಗಿ ಕೊಡವಿಕೊಂಡಳು. ಸಿಟ್ಟೇನೂ ಮಾಡಲಿಲ್ಲ. "ಹೋಗ್ತಾ ನನ್ನ ಬಿಸಿ ನೋಡ್ಕೊಂಡು ಓಡಿಸಿದ್ರಂತೆ, ಭಾವ ಹೇಳಿದ್ರು," ಎಂದಳು. "ಬರ್ತಾನೂ ಅದನ್ನೇ ನೋಡ್ಕೊಂಡಿದ್ರೆ ಆಗ್ತಿತ್ತು." ಹಾಗೆಂದು ಚೀಲದಿಂದ ಫೋನು ತೆಗೆದಳು.

ಪ್ರೂಫಣ್ಣ ಗಾಡಿಗೆ ಒದ್ದ, ಮತ್ತೆ ಒದ್ದ. ಅದು ತನ್ನ ಹಟ ಬಿಡಲಿಲ್ಲ. ಕೊನೆಗೆ ಅಪ್ಪನ ಟ್ಯಾಂಕಿನ ಮೇಲೆ ಕೈಯಿಟ್ಟುಕೊಂಡು ಅಂಕಿ ಇಳಿಯುವುದನ್ನು ನೋಡುತ್ತಾ ನಿಂತ. ಗುಜರಿಯವನು ದೂರದಿಂದ ಬರಬೇಕಿತ್ತು, ತಡವಾಯಿತು. ಅವನ ಟೆಂಪೊ ಬಂದು ನಿಂತಾಗ ಮೀಟರು ಮೂವತ್ತಾರು ತೋರಿಸುತ್ತಿತ್ತು.